ಉಲಿಯ ವಿಳಾಸ

ಹೊಳೆನರಸೀಪುರದ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಶ್ರೀಗೌರಿಗೆ ಪುಟ್ಟರಾಜುವಿನ ಪರಿಚಯವಾದದ್ದು ಅಂಧರಿಗಾಗಿ ನಡೆದ ಒಂದು ಶಿಬಿರದಲ್ಲಿ. ಕಣ್ಣು ಕಾಣದ ಅವನು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಫೋನು ನೋಡಿಕೊಳ್ಳುವವನು. ಕಂಪ್ಯೂಟರು ಅವನಿಗೆ ಇಂಗ್ಲಿಷನ್ನು ಓದಿ ಹೇಳುತ್ತಿತ್ತು, ಕನ್ನಡ ಬಂದರೆ ತಡವರಿಸುತ್ತಿತ್ತು. ಅವನಿಗೆಂದು ಶುರು ಮಾಡಿದ ತಂತ್ರಾಂಶಕ್ಕೆ ಅವಳು ‘ಉಲಿ’ ಎಂದು ಹೆಸರಿಟ್ಟಳು. ಒಂಬತ್ತು ವರ್ಷ, ಕೆಲಸ ಮುಗಿಸಿ ಬಂದು, ಒತ್ತಕ್ಷರಗಳ ಉಚ್ಚಾರ ತಿದ್ದುತ್ತ ಕೂತಳು. ಯಾರು ಬೇಕಾದರೂ ಬಳಸಬಹುದಿತ್ತು, ಬಿಚ್ಚಿ ನೋಡಬಹುದಿತ್ತು, ತಮ್ಮದೇ ಪ್ರತಿ ಮಾಡಿಕೊಳ್ಳಬಹುದಿತ್ತು.

ಹೋದ ವರ್ಷ, ಉಲಿಯನ್ನು ಇಟ್ಟಿದ್ದ ಜಾಲತಾಣ ಬಿಟ್ಟಿ ಸೇವೆ ನಿಲ್ಲಿಸುತ್ತೇವೆಂದು ಒಂದು ತಿಂಗಳ ಗಡುವು ಕೊಟ್ಟಿತು. ಆಗ ಶ್ರೀಗೌರಿ ಗರ್ಭಕೋಶದ ಆಪರೇಷನ್ ಆಗಿ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಳು. ಹಳೆಯ ವಿದ್ಯಾರ್ಥಿ ಕೇದಾರ್ ನೋಡಲು ಬಂದ. ಉಲಿಗಾಗಿ ಎರಡು ವರ್ಷ ದುಡಿದಿದ್ದ ಅವನು ಈಗ ಹಾಸನದಲ್ಲೇ ಸಣ್ಣ ಕಂಪನಿ ನಡೆಸುತ್ತಿದ್ದ. ತನ್ನ ಸರ್ವರಿಗೆ ಸಾಗಿಸೋಣ ಎಂದ.

“ಎಲ್ಲಾ ಪಾಸ್‌ವರ್ಡೂ ನಿಮ್ಮೊಬ್ರ ಹತ್ರಾನೇ ಇದೆ ಮೇಡಂ. ನಿಮಗೇನಾದ್ರೂ ಆದ್ರೆ ಉಲಿ ಬಳಸೋರ ಗತಿ?”

ಮಾತು ಸರಿಯೆನಿಸಿತು. ಎಲ್ಲವನ್ನೂ ಹೇಳಿದಳು. ಉಲಿಯ ಜಾಲವಿಳಾಸವನ್ನೂ ಅವನ ಹೆಸರಿಗೆ ಮಾಡಿಕೊಟ್ಟಳು. ಬಳಸುವವರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ.

ಚೇತರಿಸಿಕೊಂಡು ಮೊದಲ ತಿದ್ದುಪಡಿ ಏರಿಸಹೋದರೆ, ಕೇದಾರನ ಒಪ್ಪಿಗೆ ಬೇಕೆಂದು ಸರ್ವರು ತಡೆಯಿತು. ಕೇದಾರ್ ಅದು ಬರೀ ಕ್ರಮ ಎಂದ. ಎರಡು ತಿಂಗಳಿಗೆ ಅವನ ಹೊಸ ಆವೃತ್ತಿ ಎಲ್ಲರ ಕಂಪ್ಯೂಟರಿಗೂ ತಾನಾಗಿ ಇಳಿಯಿತು. ದನಿ ಇಂಪಾಗಿತ್ತು, ಜನ ಹೊಗಳಿದರು. ಶ್ರೀಗೌರಿ ಬಿಚ್ಚಿ ನೋಡಿದಳು. ಓದಬೇಕಾದ ಪ್ರತಿ ಸಾಲೂ ಮೊದಲು ಕೇದಾರನ ಸರ್ವರಿಗೆ ಹೋಗಿ ಬರುತ್ತಿತ್ತು. ಬ್ಯಾಂಕಿನ ಮೆಸೇಜು, ಡಾಕ್ಟರ ಚೀಟಿ, ಮನೆಯ ಪತ್ರ, ಯಾವುದನ್ನೂ ಬಿಟ್ಟಿರಲಿಲ್ಲ. ಫೋನು ಮಾಡಿದರೆ, ದನಿ ಚೆನ್ನಾಗಿರಬೇಕಾದರೆ ಹಾಗೆ ಮಾಡಲೇಬೇಕು ಎಂದ. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ.

ಹಳೆಯ ಉಲಿಯ ಪ್ರತಿ ಅವಳಲ್ಲಿತ್ತು. ಬೇರೆ ಹೆಸರಿಟ್ಟು ಬೇರೆ ಕಡೆ ಹಾಕಿದಳು. ಆದರೆ ಎಲ್ಲರ ಕಂಪ್ಯೂಟರಿಗೂ ಗೊತ್ತಿದ್ದದ್ದು ಹಳೆಯ ವಿಳಾಸವೊಂದೇ. ಬಳಸುವವರ ಹೆಸರು, ನಂಬರು ಕೇಳಿಟ್ಟುಕೊಳ್ಳುವುದು ತಪ್ಪೆಂದು ನಂಬಿದ್ದವಳು ಅವಳು. ಈಗ ಯಾರಿಗೆಂದು ತಿಳಿಸುವುದು?

ಗೊತ್ತಿದ್ದವನು ಪುಟ್ಟರಾಜು ಒಬ್ಬನೇ. ಬಸ್ಸು ಹತ್ತಿ ಮಂಡಿಗೇ ಹೋಗಿ ನಡೆದದ್ದನ್ನೆಲ್ಲ ಹೇಳಿದಳು, ಹೊಸದನ್ನು ಹಾಕಿಕೊಡುತ್ತೇನೆ ಎಂದಳು. ಪುಟ್ಟರಾಜು ಕೀಲಿಮಣೆಯಿಂದ ಕೈ ತೆಗೆದ.

“ನಮ್ಮನೆ ಕಾಗ್ದನೆಲ್ಲ ಅದ್ರ ಕೈಲೇ ಓದಿಸ್ಕಂಡಿದೀನಿ ಕಣಮ್ಮ. ನಿಮ್ದು ಅಂತ ನಂಬಿದ್ದೆ. ಒಂದ್ ಮಾತು ಏಳ್ದೆ ಕೊಟ್ಬುಟ್ರಿ. ನಾಳೆ ಇದ್ನೂ ಇನ್ಯಾರ್ಗಾರ ಕೊಟ್ರೆ, ನಂಗೆಂಗ್ ಗೊತ್ತಾಯ್ತದೆ?”



ಅವನು ಉಲಿಯನ್ನು ತೆಗೆಸಿದ, ಹೊಸದನ್ನು ಹಾಕಿಸಿಕೊಳ್ಳಲಿಲ್ಲ. ಈಗ ಅವನಿಗೆ ಬರುವ ಮೆಸೇಜುಗಳನ್ನು ಮಂಡಿಯ ನಾಗೇಶ್ ಬಿಡುವಾದಾಗ, ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಾನೆ.