ಕಿರುಚುವ ಕ್ಯಾಸೆಟ್ಟು

ಈಗಲೂ ಎಲ್ಲಾದರೂ ಕಬ್ಬಿಣದ ಹಿಡಿ ಕಂಡರೆ ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಫ್ರಿಜ್ಜಿನ ಬಾಗಿಲಾದರೂ ಅಷ್ಟೆ, ಬಸ್ಸಿನ ಕಂಬಿಯಾದರೂ ಅಷ್ಟೆ. ಆ ಒಂದು ಕ್ಷಣ ಶಂಕರಪುರದ ನಮ್ಮ ಮನೆಯ ನಡುಮನೆ ಕಣ್ಣೆದುರು ಬರುತ್ತದೆ. ಒದ್ದೆ ನೆಲ, ಬಾಯಿ ತೆರೆದಿದ್ದರೂ ದನಿ ಹೊರಡದೆ ನಿಂತ ಅಣ್ಣ. ಆಮೇಲೆ ಅತ್ತಿಗೆ ಬರುತ್ತಾರೆ. ಅವರು ಬಂದ ಮೇಲೆ ನನ್ನ ಉಸಿರು ಸರಿಹೋಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಅಣ್ಣ ಹಗಲು ಅಪ್ಪಾಜಿಯ ಜೊತೆ ಪೇಟೆಯ ಪಾತ್ರೆ ಅಂಗಡಿಯಲ್ಲಿರುತ್ತಿದ್ದ, ಸಂಜೆ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಅವನ ಸಿಂಥಸೈಜರ್ ಜಪಾನಿನದು, ಯಾರೋ ಬಳಸಿ ಬಿಟ್ಟದ್ದು. ನಮ್ಮ ಮನೆಯ ಕರೆಂಟು ಅದಕ್ಕೆ ಜಾಸ್ತಿ. ಕಮ್ಮಿ ಮಾಡಿ ಕೊಡಲು ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಡಬೇಕಿತ್ತು. ಮೇಲೆ ಹಿಡಿ ಇದ್ದ ಕಬ್ಬಿಣದ ಪೆಟ್ಟಿಗೆ ಅದು.

ಆ ಯಂತ್ರದಲ್ಲಿ ನಮಗೆ ಬೇಕಾದ ದನಿಯನ್ನು ನಾವೇ ತಯಾರಿಸಿಕೊಳ್ಳಬಹುದಿತ್ತು. ಅಣ್ಣ ಗುಂಡಿಗಳನ್ನು ತಿರುಗಿಸಿ ತಿರುಗಿಸಿ ಕೊಳಲಿನಂಥದೊಂದು, ಪಿಟೀಲಿನ ಗುಂಪಿನಂಥದೊಂದು, ಕಾರ್ಯಕ್ರಮದ ಮೊದಲ ಪ್ರಾರ್ಥನೆಗೆಂದು ಗುಡಿಯ ಗಂಟೆಯಂಥದೊಂದು ಮಾಡಿಟ್ಟಿದ್ದ. ಗಂಟೆಯೊಂದಕ್ಕೇ ಇಡೀ ಬೇಸಿಗೆ ಹಿಡಿದಿತ್ತು. ಅವೆಲ್ಲ ಯಂತ್ರದ ನೆನಪಿನಲ್ಲಿ ಉಳಿಯುತ್ತಿದ್ದದ್ದು ಒಳಗಿನ ಪುಟ್ಟ ಬ್ಯಾಟರಿಯ ದಯೆಯಿಂದ. ಅದು ಕೈಕೊಟ್ಟರೆ ಎಲ್ಲ ಖಾಲಿ. ಹಾಗಾಗಿ ಅವನು ಆ ದನಿಗಳನ್ನು ಕ್ಯಾಸೆಟ್ಟಿಗೆ ಇಳಿಸಿಡುತ್ತಿದ್ದ. ಯಂತ್ರದಿಂದ ಟೇಪ್ ರೆಕಾರ್ಡರಿಗೆ ವೈರು ಹಾಕಿದರೆ ಕೊಳಲು, ಪಿಟೀಲು, ಗಂಟೆ ಎಲ್ಲವೂ ಒಂದೇ ಕೀಚಲು ಸದ್ದಾಗಿ ಟೇಪಿನ ಮೇಲೆ ಕೂರುತ್ತಿದ್ದವು. ಬೇಕಾದಾಗ ಅದೇ ಕೀಚಲನ್ನು ಮತ್ತೆ ಯಂತ್ರಕ್ಕೆ ಕೇಳಿಸಬೇಕು. ಸದ್ದು ಒಂಚೂರು ಹೆಚ್ಚಾದರೂ ಕಡಿಮೆಯಾದರೂ ಅದು ಒಪ್ಪುತ್ತಿರಲಿಲ್ಲ. ಅದಕ್ಕೆಂದೇ ರೆಕಾರ್ಡರಿನ ವಾಲ್ಯೂಮ್ ಗುಂಡಿಯ ಪಕ್ಕ ಅಣ್ಣ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದ.

"ಏನೋ ಅದು, ಇಲಿಗಳ ಮದುವೆನಾ?" ಎಂದು ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದರು. ಕೈಗೆ ಸಿಕ್ಕ ಕ್ಯಾಸೆಟ್ಟಿಗೆ ರೇಡಿಯೋದ ವಚನಗಳನ್ನು ತುಂಬಿಸಿಕೊಳ್ಳುವುದು ಅವರ ಅಭ್ಯಾಸ. ಆ ಭಯಕ್ಕೆ ಅಣ್ಣ ಕೀಚಲು ಶುರುವಾಗುವ ಮೊದಲು ತನ್ನ ದನಿಯಲ್ಲೇ ಒಂದು ಮಾತು ರೆಕಾರ್ಡ್ ಮಾಡಿಟ್ಟಿದ್ದ.

ಆಯುಧಪೂಜೆಯ ಬೆಳಿಗ್ಗೆ. ಅಪ್ಪಾಜಿ ತಕ್ಕಡಿಯ ಪೂಜೆಗೆಂದು ಅಂಗಡಿಗೆ ಹೋಗಿದ್ದರು. ಮನೆಯಲ್ಲಿ ಅಣ್ಣನ ಯಂತ್ರದ್ದೇ ಪೂಜೆ. ಸಿಂಥಸೈಜರ್, ಟೇಪ್ ರೆಕಾರ್ಡರ್ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆಲ ಸಾರಿಸಿ, ಹೂ ಇಟ್ಟೆವು. ಅಮ್ಮ ಎಲ್ಲದಕ್ಕೂ ವಿಭೂತಿ ಬಳಿದರು. ಅಣ್ಣ ಸ್ವಿಚ್ ಹಾಕಿದ. ಯಂತ್ರದ ಮೇಲೆ ಸಾಲಾಗಿ ಕೆಂಪು ದೀಪಗಳು ಹತ್ತಿಕೊಂಡವು.

"ಹಬ್ಬದ ದಿನ ಕತ್ತಲಲ್ಲಿ ಕೂರಿಸ್ಬಾರ್ದು ನೋಡಮ್ಮ."

"ಚೆನ್ನಾಗ್ ಕಾಣುತ್ತೆ ಕಣೋ. ಆ ಪೆಟ್ಟಿಗೆನೂ ಮುಂದಕ್ಕೆ ಎಳಿ, ಅದಕ್ಕೂ ಎರಡು ಹೂ ಇಡೋಣ. ಅದೇನ್ ಪಾಪ ಮಾಡಿದೆ?"

ಅಣ್ಣ ಆಗಷ್ಟೇ ಕೈ ತೊಳೆದು ಬಂದಿದ್ದ. ಬಗ್ಗಿ, ಮೇಜಿನ ಕೆಳಗಿದ್ದ ಪೆಟ್ಟಿಗೆಯ ಹಿಡಿ ಹಿಡಿದ. ಹಿಡಿದವನು ಬಿಡಲಿಲ್ಲ. ಒಳಗೆ ಯಾವುದೋ ವೈರು ಸವೆದು ಕಬ್ಬಿಣಕ್ಕೆ ತಾಗಿತ್ತು. ಅದು ನಮಗೆ ಗೊತ್ತಾದದ್ದು ಆಮೇಲೆ. ಅವನು ಸದಾ ಕೋಡಂಗಿಯಾಟ ಆಡುವವನು, ಇದೂ ಅದೇ ಎಂದುಕೊಂಡು ನಾನು ನಕ್ಕೆ. ಅಮ್ಮ ಮಾತ್ರ ಅವನ ಮುಖ ನೋಡಿ ಎರಡೂ ಕೈ ಚಾಚಿ ಓಡಿದರು.

"ಅತ್ತೆ! ಮುಟ್ಬೇಡಿ!"

ಮದುವೆಯಾಗಿ ಬಂದ ಮೇಲೆ ಅತ್ತಿಗೆಯ ದನಿ ನಮ್ಮ ಮನೆಯಲ್ಲಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಪೂಜೆಗೆ ಅಣ್ಣ ಉಡಬೇಕಿದ್ದ ರೇಷ್ಮೆ ಪಂಚೆ ಅವರ ಕೈಯಲ್ಲಿತ್ತು. ಅದನ್ನು ಬಿಚ್ಚಿ ಅವನ ಸೊಂಟದ ಸುತ್ತ ಬೀಸಿ, ಎರಡೂ ತುದಿ ಹಿಡಿದು, ಹಿಂದಕ್ಕೆ ಜಗ್ಗಿದರು. ಅಣ್ಣನೊಂದಿಗೆ ಪೆಟ್ಟಿಗೆಯೂ ಎಳೆದುಕೊಂಡು ಬಂತು. ವೈರು ಬಿಗಿದು, ಪ್ಲಗ್ಗು ಬೋರ್ಡಿನಿಂದ ಕಿತ್ತು ಬಂತು. ಕೆಂಪು ದೀಪಗಳು ಆರಿದವು. ಅಣ್ಣ ಅತ್ತಿಗೆಯ ಮೇಲೆಯೇ ಬಿದ್ದ. ಬಿದ್ದವನು ಕೆಮ್ಮಿದ. ಅಷ್ಟು ಇಂಪಾದ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮುಂದಿನ ರಸ್ತೆಯ ಡಾಕ್ಟರು ಅಂಗೈಯ ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿ, "ನಿಮ್ಮ ಅದೃಷ್ಟ ಕಣಮ್ಮ" ಎಂದರು.

"ಅದೃಷ್ಟ ಅಲ್ಲ ಡಾಕ್ಟ್ರೇ, ಪಂಚೆ," ಎಂದರು ಅತ್ತಿಗೆ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು.

ಆ ಪಂಚೆ ಇನ್ನೂ ಬೀರುವಿನಲ್ಲೇ ಇದ್ದಿದ್ದರೆ? ಪ್ಲಗ್ಗು ಬಿಗಿಯಾಗಿದ್ದಿದ್ದರೆ? ಅಮ್ಮನ ಕೈ ಮೊದಲು ತಲುಪಿದ್ದರೆ? ನನ್ನ ತಲೆಯೊಳಗೆ ಆ ಬೆಳಿಗ್ಗೆ ಬೇರೆ ಬೇರೆ ರೀತಿ ನಡೆಯುತ್ತಲೇ ಇರುತ್ತದೆ. ಪ್ರತಿಸಲವೂ ನಿಜವಾಗಿ ನಡೆದದ್ದಕ್ಕೆ ವಾಪಸು ಬಂದು, ಮನಸ್ಸಿನಲ್ಲೇ ಅತ್ತಿಗೆಗೆ ಕೈಮುಗಿಯುತ್ತೇನೆ.

ಅಪ್ಪಾಜಿ ಹೊಸ ಪೆಟ್ಟಿಗೆ ತಂದರು. ಎಲೆಕ್ಟ್ರಿಷಿಯನ್ ಬಂದು ಬೋರ್ಡಿಗೆ ಅರ್ತಿಂಗ್ ಎಳೆದ. ಅಂಗೈ ಮಾಯಿತು. ಅಣ್ಣ ಮಾತ್ರ ನಡುಮನೆಯ ಆ ಮೂಲೆಗೆ ಹೋಗಲೊಲ್ಲ. ಊಟಕ್ಕೆ ಕೂತಾಗಲೂ ಗುನುಗುತ್ತಿದ್ದವನು ಈಗ ಅನ್ನ ಕಲಸಿ ಸುಮ್ಮನೆ ಉಣ್ಣುತ್ತಿದ್ದ. ನವೆಂಬರ್ ಹತ್ತಿರವಾಗುತ್ತಿತ್ತು. ಆರ್ಕೆಸ್ಟ್ರಾ ನಡೆಸುವ ಗೆಳೆಯ ಮನೆಗೇ ಬಂದ.

"ಗುರು, ರಾಜ್ಯೋತ್ಸವಕ್ಕೆ ಎನ್.ಆರ್. ಕಾಲೋನಿಯವ್ರಿಗೆ ಮಾತು ಕೊಟ್ಬಿಟ್ಟಿದೀನಿ."

"ಬೇರೆ ಯಾರನ್ನಾದ್ರೂ ನೋಡ್ಕೊ ಮಗಾ. ನಾನು ಇನ್ನು ಮುಟ್ಟಲ್ಲ ಅದನ್ನ."

ಅತ್ತಿಗೆ ವಾದಕ್ಕೆ ಇಳಿಯಲಿಲ್ಲ. ಒಂದು ಭಾನುವಾರ, ಅಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದಾಗ, ನನ್ನನ್ನು ಕರೆದರು. "ಬಾರೇ, ನಾವಾದ್ರೂ ಹಾಕಿ ನೋಡೋಣ."

ಚಪ್ಪಲಿ ಮೆಟ್ಟಿಕೊಂಡು, ಕೈಗೆ ಬಟ್ಟೆ ಸುತ್ತಿಕೊಂಡು ಸ್ವಿಚ್ ಒತ್ತಿದೆ. ದೀಪಗಳು ಹತ್ತಿದವು. ಆದರೆ ಕೀಬೋರ್ಡಿನ ಕಪ್ಪು ಬಿಳಿ ಮನೆಗಳಲ್ಲಿ ಯಾವುದನ್ನು ಒತ್ತಿದರೂ ಗೊರಗೊರ. ಗಂಟೆಯೂ ಇಲ್ಲ, ಕೊಳಲೂ ಇಲ್ಲ. ಆ ದಿನದ ಏಟಿಗೆ ಯಂತ್ರ ಎಲ್ಲವನ್ನೂ ಮರೆತಿತ್ತು. ಕ್ಯಾಸೆಟ್ ಹುಡುಕಿ ಹಾಕಿದೆ. ಮೊದಲು ಅಣ್ಣನ ದನಿ ಬಂತು, ಹಬ್ಬಕ್ಕೆ ಮುಂಚಿನ ದನಿ.

"ಅಮ್ಮಾ, ಇದು ಹಾಡಲ್ಲ. ಇದರ ಮೇಲೆ ವಚನ ತುಂಬಿಸ್ಬೇಡಮ್ಮ. ನಿನ್ ಕಾಲಿಗ್ ಬೀಳ್ತೀನಿ."

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೆರಗು ಬಾಯಿಗೆ ಹೋಯಿತು.

ಕೀಚಲು ಶುರುವಾದೊಡನೆ ವೈರು ಸಿಕ್ಕಿಸಿದೆ. ಯಂತ್ರ ಒಪ್ಪಲಿಲ್ಲ. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಮತ್ತೆ ಇಲ್ಲ.

ಜಗಲಿಯಿಂದ ದನಿ ಬಂತು. "ವಾಲ್ಯೂಮ್ ಎಲ್ಲಿಟ್ಟಿದೀಯಾ?"

"ನೀನು ಹಾಕಿರೋ ಬಿಳಿ ಗೆರೆಗೆ ಸರಿಯಾಗಿ."

"ಎಷ್ಟು ಗೆರೆ ಇದೆ ಅಲ್ಲಿ?"

"ಮೂರು. ನಡುವಿನದಕ್ಕೆ ಇಟ್ಟಿದೀನಿ."

ಜಗಲಿಯಲ್ಲಿ ಪೇಪರ್ ಕೆಳಗೆ ಬಿದ್ದ ಸದ್ದು, ಅದರ ಹಿಂದೆಯೇ ನಗು. "ಅಯ್ಯೋ, ಅದು ವಿಭೂತಿ ಕಣೇ! ಅಮ್ಮ ಬಳಿದಿರೋದು! ನಂದು ಒಂದೇ ಗೆರೆ, ಹಬ್ಬದ ದಿನ ಒರೆಸ್ದಾಗ ಹೋಗಿದೆ. ಬಿ.ಎಸ್ಸಿ. ಅಂತೆ, ಬಿ.ಎಸ್ಸಿ!"

ಹಬ್ಬದ ನಂತರ ಅವನು ನಕ್ಕದ್ದು ಅದೇ ಮೊದಲು. ಅಮ್ಮನೂ ನಕ್ಕರು. ಅತ್ತಿಗೆ ನಗಲಿಲ್ಲ. ನನ್ನ ತೋಳು ಹಿಂಡಿ, "ಅವರನ್ನೇ ಕೇಳು, ಬಿಡಬೇಡ," ಎಂದು ಪಿಸುಗುಟ್ಟಿದರು.

"ಹಾಗಾದ್ರೆ ಎಷ್ಟಕ್ಕೆ ಇಡ್ಲಿ?"

"ವೈರ್ ತೆಗೆದು ನಂಗೆ ಕೇಳಿಸು. ಹ್ಞಾಂ, ಏರಿಸು. ಇನ್ನೂ. ಜಾಸ್ತಿ ಆಯ್ತು, ಸ್ವಲ್ಪ ಇಳಿಸು. ಸಾಕು! ಇನ್ನು ಕೈ ಹಾಕ್ಬೇಡ. ಹಿಂದಕ್ಕೆ ಸುತ್ತಿ ವೈರ್ ಹಾಕು."

ಈ ಸಲ ಕೀಚಲು ಮುಗಿದೊಡನೆ ದೀಪವೊಂದು ಮಿನುಗಿ ಸುಮ್ಮನಾಯಿತು. ನಾನು ಒಂದು ಮನೆ ಒತ್ತಿದೆ. ಗಂಟೆ. ಖುಷಿಗೆ ಮತ್ತೆ ಮತ್ತೆ ಒತ್ತಿದೆ.

"ಹಂಗ್ ಗುದ್ದಬೇಡ್ವೇ, ಬಾಗಿಲು ಬಡಿದಂಗೆ! ಒತ್ತಿ, ಬಿಟ್ಟು, ಕೇಳ್ಬೇಕು ಅದನ್ನ."

ಅಣ್ಣ ಹೊಸಿಲಿನಲ್ಲಿ ನಿಂತಿದ್ದ. ಅತ್ತಿಗೆ ಊಟದ ಮರದ ಮಣೆಯೊಂದನ್ನು ತಂದು ಯಂತ್ರದ ಮುಂದೆ ಇಟ್ಟರು. ಅವನು ಅದನ್ನೇ ನೋಡಿದ. ಒಳಗೆ ಬಂದ. ಮಣೆಯ ಮೇಲೆ ನಿಂತ. ಬಲಗೈಯನ್ನು ತಿರುಗಿಸಿ, ಹಿಂಗೈಯನ್ನು ಯಂತ್ರದ ಅಂಚಿನ ಹತ್ತಿರಕ್ಕೆ ತಂದ.

"ಯಾಕೋ ಹಾಗೆ?" ಎಂದರು ಅಮ್ಮ.

"ಕರೆಂಟ್ ಹೊಡೆದ್ರೆ ಕೈ ತಾನೇ ಮುಚ್ಕೊಳ್ಳುತ್ತಮ್ಮ. ಹಿಂಗೈ ಆದ್ರೆ ಹಿಡ್ಕೊಳ್ಳಲ್ಲ."

ಮುಟ್ಟಿದ. ಏನೂ ಆಗಲಿಲ್ಲ. ಅವನು ಕೈ ಮಗುಚಿ ಗಂಟೆಯ ಮನೆಯನ್ನು ಒತ್ತಿ, ಬಿಟ್ಟು, ಅದು ಪೂರ್ತಿ ಆರುವವರೆಗೂ ಕೇಳಿದ.

ನವೆಂಬರಿನಲ್ಲಿ ಎನ್.ಆರ್. ಕಾಲೋನಿಯ ಪೆಂಡಾಲಿನಲ್ಲಿ ಅತ್ತಿಗೆ ಮತ್ತು ನಾನು ಮುಂದಿನ ಸಾಲಿನಲ್ಲೇ ಕೂತೆವು. ಅಣ್ಣ ವೇದಿಕೆಗೆ ಬಂದು, ನುಡಿಸುವ ಮೊದಲು, ಹಿಂಗೈಯಿಂದ ಯಂತ್ರವನ್ನು ಮೆಲ್ಲನೆ ಮುಟ್ಟಿದ. ಮುಂದೆಯೂ ಯಾವ ವೇದಿಕೆಯಲ್ಲೂ ಅವನು ಅದನ್ನು ತಪ್ಪಿಸಲಿಲ್ಲ.

ನಮ್ಮ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತಲೆದೂಗಿದರು. "ವಾದ್ಯಕ್ಕೆ ನಮಸ್ಕಾರ ಮಾಡ್ತಿದಾನೆ ನೋಡಿ. ಎಷ್ಟು ಭಕ್ತಿ ಹುಡುಗನಿಗೆ!"

"ಹೌದು ತಾತ, ತುಂಬಾ ಭಕ್ತಿ," ಎಂದರು ಅತ್ತಿಗೆ. ಅವರ ಮಡಿಲಲ್ಲಿದ್ದ ಚೀಲದೊಳಗೆ ಮಡಿಸಿಟ್ಟ ರೇಷ್ಮೆ ಪಂಚೆಯಿತ್ತು. ಮೊದಲ ಗಂಟೆ ಕೇಳಿದ ಮೇಲೆಯೇ ಅವರು ಚೀಲದ ಮೇಲಿನ ಕೈ ತೆಗೆದದ್ದು.