ಕಾವು ಕೂತ ಇಪ್ಪತ್ತೊಂಬತ್ತು ದಿನ

ಅಹಮದಾಬಾದಿನ ನವರಂಗಪುರದ ಬಸ್ ನಿಲ್ದಾಣದ ಪಕ್ಕದಲ್ಲಿ ಬೇಸಿಗೆ ಬಂತೆಂದರೆ ಯಾರೋ ಪುಣ್ಯಾತ್ಮರು ದಾರಿಹೋಕರಿಗೆಂದು ನೀರಿನ ಮಡಕೆಗಳನ್ನು ಇಡುತ್ತಾರೆ. ಮಡಕೆಗಳಿಗೆ ಗೋಣಿತಟ್ಟು ಸುತ್ತಿ ಆಗಾಗ ನೀರು ಚಿಮುಕಿಸುತ್ತಾರೆ. ಮೊನ್ನೆ ಮಧ್ಯಾಹ್ನ ಆಟೋ ಕಾಯುತ್ತ ನಿಂತಿದ್ದೆ. ಬಿಸಿಲಿಗೆ ಕಾದಿದ್ದ ಆ ಗೋಣಿಯ ಮೇಲೆ ನೀರು ಬಿದ್ದದ್ದೇ ತಡ, ಮಣ್ಣು, ನಾರು, ಹಳೆಯ ಜೋಳದ ಘಾಟು ಎಲ್ಲ ಬೆರೆತ ಒಂದು ವಾಸನೆ ಎದ್ದು ಬಂತು. ಖಾಲಿ ಆಟೋಗಳು ಬಂದು ನಿಂತು, ಬೈದುಕೊಂಡು ಹೋದವು. ನಾನೆಲ್ಲಿದ್ದೆ ಹತ್ತಲಿಕ್ಕೆ? ಹತ್ತು ವರ್ಷದ ಹುಡುಗನಾಗಿ ವಡೋದರೆಯ ರೈಲ್ವೆ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಮುಂದೆ ಒಂದು ಹಣ್ಣಿನ ಪೆಟ್ಟಿಗೆ, ಅದರ ಮೇಲೆ ಒದ್ದೆ ಗೋಣಿ, ಒಳಗೆ ಉಬ್ಬಿ ಕೂತ ಕೆಂಪು ಕೋಳಿ, ಪಕ್ಕದಲ್ಲಿ ಆಯಿ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಬಂದಾಗ ಆಟೋ ಬಿಡುವುದೇ ಒಳ್ಳೆಯದು.

ಆಯಿ ಅಂದರೆ ಅಪ್ಪನ ತಾಯಿ. ಹುಬ್ಬಳ್ಳಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದವಳು ಆ ಬೇಸಿಗೆ ಒಂದು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ನನಗೆ ರಜೆ. ಅಪ್ಪ ರೈಲ್ವೆ ಕಚೇರಿಗೆ, ಅಮ್ಮ ಬೇಸಿಗೆ ಪಾಠ ಹೇಳುವ ಶಾಲೆಗೆ ಹೋದರೆ ಮನೆಯಲ್ಲಿ ಉಳಿಯುವವರು ನಾವಿಬ್ಬರೇ. ಆಕೆಗೆ ಹಿಂದಿ ಬಾರದು, ಗುಜರಾತಿ ಬಾರದು. ನನಗೆ ಕನ್ನಡ ಬರುತ್ತಿತ್ತು ಎಂದರೆ ಕನ್ನಡಕ್ಕೆ ಅವಮಾನ. ‘ಆಯಿ, ನೀನು ಊಟ ಮಾಡ್ತಾನೆ?’ ಎಂದು ಕೇಳುವ ತಳಿ ನಾನು. ಆದರೆ ಅಣಕು ಚೆನ್ನಾಗಿ ಬರುತ್ತಿತ್ತು. ಸ್ಟೇಷನ್ನಿನ ಮೈಕಿನ ಹೆಂಗಸು, ಮೂಗಿನಲ್ಲೇ ಮಂಗಳಾರತಿ ಹಾಡುವ ಎದುರುಮನೆಯ ಹಂಸಾಬೆನ್, ಮೇಲಧಿಕಾರಿಯ ಫೋನು ಬಂದಾಗ ಎದ್ದು ನಿಂತು ಮಾತಾಡುವ ಅಪ್ಪ, ಯಾರನ್ನೂ ಬಿಟ್ಟವನಲ್ಲ. ಎಲ್ಲರೂ ಸಿಟ್ಟಾಗುತ್ತಿದ್ದರು, ಆಯಿಯೊಬ್ಬಳ ಹೊರತು. ಆಕೆಯ ಕೆಮ್ಮು, ಆಕೆಯ ‘ಶಿವ ಶಿವಾ’, ಸೊಂಟಕ್ಕೆ ಕೈಕೊಟ್ಟು ಏಳುವ ರೀತಿ ಎಲ್ಲವನ್ನೂ ಮಾಡಿ ತೋರಿಸಿದರೆ, ಸೆರಗು ಬಾಯಿಗಿಟ್ಟು ನಕ್ಕು, “ಮುಂದಿಂದ ಮರತಿ ನೋಡು, ನಾ ಎದ್ದ ಮ್ಯಾಲ ಒಮ್ಮೆ ಮತ್ತ ಕುಂಡರತೀನಿ” ಎಂದು ತಿದ್ದುತ್ತಿದ್ದಳು. ತನ್ನ ಅಣಕನ್ನು ತಾನೇ ತಿದ್ದಿಕೊಡುವವರು ಸಿಕ್ಕಮೇಲೆ ಅವರನ್ನು ಊರಿಗೆ ಕಳಿಸುವುದು ಯಾರಿಗೆ ಬೇಕಾಗಿರುತ್ತದೆ? ಆದರೆ ಆಯಿಗೆ ಇಲ್ಲಿ ಬೇಸರ ಹತ್ತಿತ್ತು. “ಬಾಯಿ ಕಟ್ಟಿದ ಎಮ್ಮಿ ಆಗೇನಿ ಇಲ್ಲಿ” ಎಂದು ಅಪ್ಪನಿಗೆ ಹೇಳಿ ಟಿಕೆಟು ಮಾಡಿಸಿಕೊಂಡೂ ಆಗಿತ್ತು.

ಕೋಳಿ ಬಂದದ್ದು ಆಗಲೇ. ಪಾತ್ರೆ ತಿಕ್ಕಲು ಬರುತ್ತಿದ್ದ ಶಾಂತಾಬೆನ್ ಛೋಟಾ ಉದೇಪುರದ ಕಡೆಯ ತನ್ನ ಊರಿಗೆ ಮದುವೆಗೆ ಹೊರಟವಳು, ಬರುವವರೆಗೆ ನೋಡಿಕೊಳ್ಳಿ ಎಂದು ತನ್ನ ಕೋಳಿಯನ್ನು ನಮ್ಮ ಹಿತ್ತಿಲಲ್ಲಿ ಬಿಟ್ಟಳು. ನಮ್ಮದೋ ತಲೆತಲಾಂತರದಿಂದ ತತ್ತಿ ಮುಟ್ಟದ ಮನೆ. ಕೋಳಿ ಏನು ತಿನ್ನುತ್ತದೆಂದು ತಿಳಿಯದೆ ಅಮ್ಮ ಮೊದಲ ದಿನ ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿದಳು, ಪಕ್ಕದಲ್ಲಿ ಉಪ್ಪಿನಕಾಯಿ ಇಡಲಿಲ್ಲವೆಂಬುದೊಂದೇ ಸಮಾಧಾನ. ಕೋಳಿ ದಿನ ಬಿಟ್ಟು ದಿನ ಒಂದು ತತ್ತಿ ಇಟ್ಟಿತು. ಆಯಿಗೆ ಅದೇ ದೊಡ್ಡ ಕಷ್ಟ. “ನಮ್ಮ ಹಿತ್ತಲದಾಗ ಬ್ಯಾಡಪಾ, ಯಾರಿಗರೆ ಕೊಟ್ಟ ಬಾ” ಎನ್ನುವಳು. ನಾನು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಕಾಲನಿಯ ಗೇಟಿನಾಚೆ ಆಮ್ಲೆಟ್ಟಿನ ಗಾಡಿ ಇಟ್ಟಿದ್ದ ಸಲೀಂಭಾಯಿಗೆ ಕೊಟ್ಟು ಬರುವೆ. ಹೀಗೆ ಆರು ತತ್ತಿ ಹೋದವು.

ಒಂದು ದಿನ ಕೋಳಿ ಪೆಟ್ಟಿಗೆಯಿಂದ ಏಳಲೇ ಇಲ್ಲ. ಮೈ ಉಬ್ಬಿಸಿಕೊಂಡು, ಹತ್ತಿರ ಹೋದರೆ ಗುರ್ರೆಂದು, ಕೈಚಾಚಿದರೆ ಕುಕ್ಕಿತು. ಅಪ್ಪ ದನದ ಡಾಕ್ಟರರನ್ನು ಕರೆಯೋಣವೆಂದರು. ಆಯಿ ದೂರದಿಂದಲೇ ಬಗ್ಗಿ ನೋಡಿ ನಕ್ಕಳು. “ರೋಗಲ್ಲೋ ಹುಚ್ಚಪ್ಪಾ. ಕಾವ ಕುಂತೈತಿ. ನಮ್ಮ ಹೊಲ ಮಾಡವ್ರ ಮನ್ಯಾಗ ನೋಡೀನಿ.” ಕೋಳಿಯನ್ನು ಕೋಲಿನಿಂದ ಸರಿಸಿ ನೋಡಿದರೆ ಅಡಿಯಲ್ಲಿ ಇದ್ದದ್ದು ನನ್ನ ಕಳೆದುಹೋಗಿದ್ದ ಟೆನಿಸ್ ಚೆಂಡು. ಆಯಿಯ ನಗು ನಿಂತುಹೋಯಿತು. “ಇದ್ದದ್ದೆಲ್ಲಾ ನಾವ ಕಳಿಸಿದ್ವಿ. ಪಾಪ ತಟ್ಟತೈತಿ. ಹೋಗಿ ಆರು ತತ್ತಿ ತಗೊಂಬಾ.” ನಾನು ಸಲೀಂಭಾಯಿಯ ಗಾಡಿಯ ಟ್ರೇಯಿಂದಲೇ ಬೆಳ್ಳನೆಯ ಆರು ತತ್ತಿ ತಂದೆ. ಆಯಿ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಸೆರಗಿನಲ್ಲಿ ಹಿಡಿದು ಒಂದೊಂದನ್ನೇ ಕೋಳಿಯ ಅಡಿಗೆ ತಳ್ಳಿದಳು. ಎಪ್ಪತ್ತು ವರ್ಷದ ಬಾಳಿನಲ್ಲಿ ಆಕೆ ತತ್ತಿ ಮುಟ್ಟಿದ್ದು ಅದೇ ಮೊದಲು. ಸಂಜೆ ಅಪ್ಪನಿಗೆ ಹೇಳಿದಳು: “ಇಪ್ಪತ್ತೊಂದ ದಿನಕ್ಕ ಮರಿ ಆಗ್ತಾವು. ನೋಡಿ ಹೊಂಡತೀನಿ. ಟಿಕೀಟ್ ಮುಂದ ಹಾಕು.”

ಆ ದಿನಗಳು ನನ್ನ ಬಾಳಿನ ಕನ್ನಡ ಶಾಲೆ. ಮೇ ತಿಂಗಳ ಬಿಸಿಲು ಹಿತ್ತಿಲ ಗೋಡೆಯನ್ನು ಹಂಚಿನಂತೆ ಕಾಯಿಸುತ್ತಿತ್ತು. ಆಯಿ ಗೋಣಿಗೆ ನೀರು ಚಿಮುಕಿಸುತ್ತ, ನುಚ್ಚು ನೆನೆಸುತ್ತ, ಕೋಳಿಗೆ ಹೇಳುವ ನೆವದಲ್ಲಿ ನನಗೆ ಕತೆ ಹೇಳುತ್ತಿದ್ದಳು. ತಾನು ಮದುವೆಯಾಗಿ ಬಂದಾಗ ಮಾವನ ಗುಡುಗಿಗೆ ಹೆದರಿ ಜೋಳದ ಕಣಜದ ಹಿಂದೆ ಅಡಗಿದ್ದು, ಅಜ್ಜ ಕದ್ದು ತಂದುಕೊಟ್ಟ ಪೇಡೆ. ಆ ಮಾವನ ಗುಡುಗನ್ನು ನಾನು ಅಣಕಿಸಬೇಕು, ಆಯಿ ಹೆದರಬೇಕು, ಇದು ನಮ್ಮ ಆಟ. ಅಣಕಿಸುತ್ತ ಅಣಕಿಸುತ್ತಲೇ ಮಾತು ನಾಲಗೆಗೆ ಅಂಟಿತು. ಹನ್ನೆರಡನೆಯ ದಿನ ನಾನು ಸಲೀಂಭಾಯಿಯ ಗಾಡಿಯ ಹತ್ತಿರ ಜಂಬ ಕೊಚ್ಚಲು ಹೋದೆ, ನಿಮ್ಮ ತತ್ತಿಗಳಿಗೆ ಇನ್ನು ಒಂಬತ್ತು ದಿನದಲ್ಲಿ ರೆಕ್ಕೆ ಬರುತ್ತದೆ ಎಂದು. ಅವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ. “ಅರೇ ಬೇಟಾ, ಏ ತೋ ಫಾರಮ್ ಕಾ ಅಂಡಾ ಹೈ” ಎಂದ. ಹುಂಜವನ್ನೇ ಕಾಣದ ಕೋಳಿಗಳು ಇಟ್ಟ ತತ್ತಿ, ವರ್ಷ ಕೂತರೂ ಮರಿಯಾಗದು. ಮರಿಯಾಗಬಹುದಾಗಿದ್ದವು ಹುಂಜದ ಜೊತೆಗಿದ್ದು ಬಂದ ಶಾಂತಾಬೆನ್ನಳ ಕೋಳಿಯ ಆ ಮೊದಲ ಆರು. ಅವು ಎಂದೋ ಆಮ್ಲೆಟ್ಟಾಗಿ ಪಾವ್ ಬ್ರೆಡ್ಡಿನ ನಡುವೆ ಹೋಗಿಯಾಗಿತ್ತು.

ಮನೆಗೆ ಬರುವಷ್ಟರಲ್ಲಿ ನನ್ನ ತಲೆ ಇನ್ನೊಂದು ಲೆಕ್ಕ ಹಾಕಿತ್ತು. ಮರಿಯಾಗುವವರೆಗೆ ಆಯಿ ಇರುತ್ತಾಳೆ. ಮರಿ ಆಗುವುದೇ ಇಲ್ಲ. ಹೀಗಾಗಿ ಊರವರ ಬಾಯನ್ನೆಲ್ಲ ಹೊತ್ತು ತಿರುಗುವ ನಾನು ನನ್ನ ಬಾಯಿಗೆ ಬೀಗ ಹಾಕಿದೆ. ಇಪ್ಪತ್ತೊಂದನೆಯ ದಿನ ಬಂತು, ಹೋಯಿತು. “ನಾನ ಎಣಿಸೂದ್ರಾಗ ತಪ್ಪೇನಿ” ಎಂದಳು ಆಯಿ. ಅಪ್ಪ ಮತ್ತೆ ಟಿಕೆಟು ಮುಂದೆ ಹಾಕಿದರು. ನಾನು ಒಳಗೊಳಗೇ ಕುಣಿದೆ. ಆದರೆ ಕೋಳಿ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ಹೆಕ್ಕಿ ಓಡಿಬಂದು ಮತ್ತೆ ಕೂರುವುದು. ಕೆಂಪಗಿದ್ದ ಜುಟ್ಟು ಒಣ ಗುಲಾಬಿಯ ಹಾಗೆ ಬಿಳುಚಿತು. ಎತ್ತಿದರೆ ಕೈಗೆ ಬರೀ ಗರಿ, ಎದೆಯ ಎಲುಬು ಕತ್ತಿಯಂತೆ ಹತ್ತುತ್ತಿತ್ತು. ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಕಾಳಿಗೆಂದು ಎದ್ದದ್ದು ಎರಡು ಹೆಜ್ಜೆ ಇಟ್ಟು ವಾಲಿ ಬಿತ್ತು. ಬಿದ್ದಲ್ಲಿಂದಲೇ ತೆವಳಿ ಪೆಟ್ಟಿಗೆಗೆ ಹೋಗಿ ತತ್ತಿಗಳನ್ನು ರೆಕ್ಕೆಯಡಿ ಎಳೆದುಕೊಂಡಿತು. ಆಯಿ ಬಟ್ಟಲಿನ ನೀರಿನಲ್ಲಿ ಬೆರಳದ್ದಿ ಅದರ ಕೊಕ್ಕಿಗೆ ಹನಿ ಹನಿ ಬಿಡುತ್ತ ಕೂತಳು.

ನಾನು ಸಲೀಂಭಾಯಿಯ ಬಳಿಗೆ ಓಡಿದೆ. ಅವತ್ತು ಶುಕ್ರವಾರ, ಸಂತೆಯಲ್ಲಿ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಮಾರುವವರು ಬರುವ ದಿನ. ಸಂಜೆಯೊಳಗೆ ಅವನು ಬೂಟಿನ ಡಬ್ಬಿಯಲ್ಲಿ ನಾಲ್ಕು ಮರಿ ತಂದುಕೊಟ್ಟ. ಎರಡು ಗುಲಾಬಿ, ಒಂದು ಹಸಿರು, ಒಂದು ನೇರಳೆ. ಆಯಿ ಒಳಗೆ ದೀಪ ಹಚ್ಚಿ ಪೂಜೆಗೆ ಕೂತ ಹೊತ್ತಿಗೆ ನಾನು ಕೋಳಿಯ ಅಡಿಯಿಂದ ಒಂದು ತತ್ತಿ ತೆಗೆದು ಒಂದು ಮರಿ ತೂರಿಸಿದೆ. ಕೈ ಮೇಲೆಲ್ಲ ಕುಕ್ಕಿಸಿಕೊಂಡೆ, ಕಿರುಚಲಿಲ್ಲ. ಎರಡನೆಯದು ಒಳಗೆ ಹೋಗುವಾಗ ಕೋಳಿಯ ಗುರುಗುಟ್ಟುವಿಕೆ ನಿಂತಿತು. ನಾಲ್ಕನೆಯದಕ್ಕೆ ಅದು ತಾನೇ ರೆಕ್ಕೆ ಎತ್ತಿಕೊಟ್ಟಿತು.

ಬೆಳಿಗ್ಗೆ ಹಿತ್ತಿಲಿನಿಂದ ನಾನು ಎಂದೂ ಕೇಳಿರದ ದನಿ ಬರುತ್ತಿತ್ತು. ಸಣ್ಣಗೆ, ಎಡೆಬಿಡದೆ, ಕೊಟ್ ಕೊಟ್ ಕೊಟ್. ಕೋಳಿ ನುಚ್ಚನ್ನು ಕೆದರಿ ಕೆದರಿ ಕರೆಯುತ್ತಿದೆ, ಬಣ್ಣದ ನಾಲ್ಕು ಉಂಡೆಗಳು ಅದರ ಕಾಲಡಿ ಉರುಳಾಡುತ್ತಿವೆ. ಆಯಿ ಬಾಗಿಲಲ್ಲಿ ನಿಂತು ಗುಲಾಬಿಯನ್ನು ನೋಡಿದಳು, ಹಸಿರನ್ನು ನೋಡಿದಳು, ಕೊನೆಗೆ ನನ್ನ ಗಾಯದ ಕೈ ನೋಡಿದಳು.

“ತತ್ತಿ ಒಳಗ ಹೋಳಿ ಆಡಿ ಬಂದಾವೇನೋ?”

ನಾನು ಎಲ್ಲವನ್ನೂ ಹೇಳಿದೆ. ಹನ್ನೆರಡನೆಯ ದಿನದಿಂದಲೇ ಗೊತ್ತಿತ್ತೆಂದೂ ಹೇಳಿದೆ. ಆಯಿಯ ಮುಖದ ನಗು ಇಳಿಯಿತು.

“ನನ್ನ ಇಟಗೊಳ್ಳಾಕ ಈ ತಾಯಿನ್ನ ಉಪವಾಸ ಕೆಡವಿದಿ. ಹೌದಿಲ್ಲೋ?”

ನಾನು ನೆಲದ ನುಚ್ಚನ್ನು ಕೋಳಿಯ ಕಡೆಗೆ ತಳ್ಳಿದೆ.

“ಊರ ಮಂದಿ ಬಾಯೆಲ್ಲಾ ನಿನಗ ಬರ್ತೈತಿ. ‘ಆಯೀ, ಹೋಗಬ್ಯಾಡ’ ಅಂತ ನಿನ್ನ ಬಾಯೀಲೆ ಒಂದ ಮಾತ ಕೇಳಾಕ ಬರಲಿಲ್ಲೇನ ಮಗನ?”

ಆಗ ಕೇಳಿದೆ. ಅತ್ತುಕೊಂಡು, ತಪ್ಪಿಲ್ಲದ ಕನ್ನಡದಲ್ಲಿ ಕೇಳಿದೆ. ಆಯಿ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆದರೆ ಆಡಿದ ಮಾತಿಗೆ ತಪ್ಪುವವಳಲ್ಲ. ಮರಿ ನೋಡಿಯಾಗಿತ್ತು. ಮುಂದಿನ ವಾರ ಹೊರಟುಬಿಟ್ಟಳು.

ಮಳೆ ಶುರುವಾದಾಗ ಶಾಂತಾಬೆನ್ ಬಂದು ಕೋಳಿಯನ್ನೂ ಮರಿಗಳನ್ನೂ ಕರೆದೊಯ್ದಳು. ಗುಲಾಬಿ ಬಣ್ಣ ಆಗಲೇ ಉದುರಿ ಬಿಳಿ ಗರಿ ಮೂಡುತ್ತಿತ್ತು. ಅಪ್ಪನಿಗೆ ಅಹಮದಾಬಾದಿಗೆ ವರ್ಗವಾಯಿತು. ನಾವಿದ್ದ ಕ್ವಾರ್ಟರ್ಸಿನ ಸಾಲನ್ನು ಕೆಡವಿ ಈಗ ಅಲ್ಲಿ ವಾಹನ ನಿಲ್ಲಿಸುತ್ತಾರೆ. ಮರಿಗಳು ಹೋದದ್ದನ್ನು ಮಾತ್ರ ನಾನು ಆಯಿಗೆ ಹೇಳಲಿಲ್ಲ. ಪ್ರತಿ ಭಾನುವಾರ ಆಕೆ ಫೋನಿನಲ್ಲಿ, “ಮರಿ ಹ್ಯಾಂಗದಾವೋ? ದನಿ ಕೇಳಸು” ಎನ್ನುವಳು. ನಾನು ಫೋನನ್ನು ತುಸು ದೂರ ಹಿಡಿದು ಚಿಂವ್ ಚಿಂವ್ ಎನ್ನುವೆ, ಒಂದು ಹತ್ತಿರದಿಂದ, ಒಂದು ಮೂಲೆಯಿಂದ, ಒಂದು ಜಗಳಗಂಟಿ. ನಾಲ್ಕು ವರ್ಷ ಆ ಮರಿಗಳು ಮರಿಗಳಾಗಿಯೇ ಉಳಿದವು. ಯಾಕೆ ದೊಡ್ಡವಾಗಲಿಲ್ಲವೆಂದು ಆಯಿ ಒಮ್ಮೆಯೂ ಕೇಳಲಿಲ್ಲ. ನನ್ನ ದನಿ ಒಡೆಯುವ ವಯಸ್ಸಿನಲ್ಲಿ ಒಂದು ಭಾನುವಾರ ಮರಿಯೊಂದು ಗೊಗ್ಗರಾಗಿ ಕೂಗಿದಾಗ ಮಾತ್ರ, “ಒಂದ್ಯಾವುದೋ ಹುಂಜ ಆಗಾಕತ್ತೈತಿ ನೋಡಪಾ, ಲಗ್ನ ಮಾಡಸು” ಎಂದು ಕೆಮ್ಮುವವರೆಗೆ ನಕ್ಕಳು.

ಕೊನೆಯ ಭಾನುವಾರ ಆಕೆಗೆ ಫೋನು ಹಿಡಿಯುವ ಶಕ್ತಿಯಿರಲಿಲ್ಲ. ಚಿಕ್ಕಪ್ಪ ಕಿವಿಗೆ ಹಿಡಿದಿದ್ದರು. ನಾನು ನಾಲ್ಕೂ ಮರಿಗಳನ್ನು ಕೂಗಿಸಿದೆ. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಎಲ್ಲಿಂದಲೋ ಎತ್ತಿ ತಂದಂತೆ, “ಸಾಕೋ… ಹಸದಾವು. ಕಾಳ ಹಾಕು” ಎಂದಳು.

ಫೋನು ಇಟ್ಟೆ. ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ಜೋಳ ತೆಗೆದುಕೊಂಡು, ಮೂರನೆಯ ಮಹಡಿಯ ನಮ್ಮ ಬಾಲ್ಕನಿಗೆ ಬಂದು ನೆಲದ ಮೇಲೆ ಚೆಲ್ಲಿದೆ. ಸ್ವಲ್ಪ ಹೊತ್ತಿಗೆ ಪಾರಿವಾಳಗಳು ಬಂದು ತಿಂದುಕೊಂಡು ಹೋದವು.