ನನ್ನ ಹಿಂದೆ ಬರುತ್ತಿದ್ದ ಸೈಕಲ್ಲು

ಪ್ಯಾಂಟಿನ ಎರಡೂ ಅಂಚಿಗೆ ಬಟ್ಟೆ ಒಣಹಾಕುವ ಹಸಿರು ಕ್ಲಿಪ್ಪು, ಸಲಾಕೆಯಂಥ ಬೆನ್ನು, ನನ್ನ ಹಿಂದಿನ ಚಕ್ರದ ಮೇಲೆಯೇ ನೆಟ್ಟ ಕಣ್ಣು. ಮೇಸ್ತ್ರಿಗಳನ್ನು ನಾನು ಮೊದಲು ಕಂಡದ್ದು ಹೀಗೆ. ಆಗ ಅವರು ಮೇಸ್ತ್ರಿಗಳೆಂದು ತಿಳಿದಿರಲಿಲ್ಲ. ಯಾರೋ ಮುದುಕ ನನ್ನನ್ನು ಹಿಂಬಾಲಿಸುತ್ತಿದ್ದಾನೆ ಎಂದಷ್ಟೇ ಗೊತ್ತಿತ್ತು.

ಮಲವಗೊಪ್ಪದಿಂದ ಶಿವಮೊಗ್ಗದ ಲ್ಯಾಬಿನ ಕೆಲಸಕ್ಕೆ ನಾನು ದಿನವೂ ಸೈಕಲ್ಲಿನಲ್ಲೇ ಹೋಗುವವಳು. ನಿಂತರೆ ಅವರೂ ನಿಲ್ಲುತ್ತಿದ್ದರು. ಜೋರಾಗಿ ತುಳಿದರೆ ಅವರೂ ತುಳಿಯುತ್ತಿದ್ದರು. ಒಂದು ದಿನ ಬೇಕೆಂದೇ ಅಡ್ಡರಸ್ತೆಗೆ ತಿರುಗಿದೆ. ಹಸಿರು ಕ್ಲಿಪ್ಪುಗಳೂ ತಿರುಗಿದವು. ಟೀ ಅಂಗಡಿಯ ಜನರ ಮಧ್ಯೆ ಸೈಕಲ್ ನಿಲ್ಲಿಸಿ ಕೂಗಿದೆ:

"ಯಾಕ್ರೀ ದಿನಾ ನನ್ನ ಹಿಂದೆ ಬರ್ತೀರ?"

ಅಲ್ಲಿದ್ದವನೊಬ್ಬ ಅವರ ಕಾಲರಿಗೆ ಕೈ ಹಾಕಿದ. ಅವರು ಬಿಡಿಸಿಕೊಳ್ಳದೆ ನನ್ನ ತುಟಿಯನ್ನೇ ನೋಡಿದರು.

"ನಿಧಾನಕ್ಕೆ ಹೇಳಮ್ಮ. ಕಿವಿ ಇಲ್ಲ ನಂಗೆ."

ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಬಡಿಯುವ ಯಂತ್ರದ ಪಕ್ಕ ನಿಂತೂ ನಿಂತೂ ಕಿವಿ ಹೋಗಿತ್ತಂತೆ. ಈಗ ಮಲವಗೊಪ್ಪದ ಮಗಳ ಮನೆಯಿಂದ ಶಿವಮೊಗ್ಗದ ಒಂದು ವರ್ಕ್‌ಶಾಪಿಗೆ ಮೇಸ್ತ್ರಿಯಾಗಿ ಹೋಗುತ್ತಿದ್ದರು. "ಹಿಂದಿಂದ ಲಾರಿ ಬಂದ್ರೆ ಗೊತ್ತಾಗಲ್ಲ. ನೀನು ಎಡಕ್ಕೆ ವಾಲಿದ್ರೆ ನಾನೂ ವಾಲ್ತೀನಿ. ಅಷ್ಟೇ."

"ಮತ್ತೆ ಈ ಅಡ್ಡರಸ್ತೆಗೆ?"

"ಮುಂದೆ ರೋಡ್ ಅಗೆದಿದಾರೇನೋ ಅಂದ್ಕೊಂಡೆ."

ಜನ ನಕ್ಕರು. ನನಗೆ ನಗು ಬರಲಿಲ್ಲ, ನಂಬಿಕೆಯೂ ಬರಲಿಲ್ಲ. ಇಂಥ ಕಥೆ ಯಾರು ಬೇಕಾದರೂ ಕಟ್ಟಬಹುದು.

ಮರುದಿನ ಬೇಕೆಂದೇ ಮರೆಯಲ್ಲಿ ನಿಂತು ತಡಮಾಡಿದೆ. ನನಗಾಗಿ ಕಾದು ಕಾದು ಅವರು ಒಬ್ಬರೇ ಹೊರಟಾಗ ಸದ್ದಿಲ್ಲದೆ ಹಿಂದೆ ಬಿದ್ದೆ. ಬೆಲ್ ಹೊಡೆದೆ. ತಿರುಗಲಿಲ್ಲ. ನಾಟಕ ಎಂದುಕೊಂಡೆ. ಆಗಲೇ ಹಿಂದಿನಿಂದ ಲಾರಿಯೊಂದು ಹಾರನ್ ಒತ್ತಿಕೊಂಡೇ ಬಂತು. ಮೇಸ್ತ್ರಿಗಳು ರಸ್ತೆಯ ಮಧ್ಯದಲ್ಲೇ, ಅದೇ ನೆಟ್ಟ ಬೆನ್ನಲ್ಲಿ ತುಳಿಯುತ್ತಿದ್ದರು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದು, ಅವರನ್ನು ದಾಟಿ ಎಡಕ್ಕೆ ವಾಲಿದೆ. ಅವರೂ ವಾಲಿದರು. ಲಾರಿಯ ಗಾಳಿಗೆ ನಮ್ಮಿಬ್ಬರ ಸೈಕಲ್ಲೂ ಅಲುಗಿದವು. ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಸ್ತ್ರಿಗಳೂ ಯಾರನ್ನೂ ನಂಬುವವರಲ್ಲ. "ನಿಂತಿರೋ ಕಾರೇ ಮೋಸ ಮಾರಾಯ್ತಿ. ಒಳಗೆ ತಲೆ ಕಂಡ್ರೆ ಬಾಗಿಲು ತೆಗೀತಾನೆ ಅಂತ್ಲೇ ತಿಳ್ಕೋ," ಎನ್ನುತ್ತಿದ್ದರು. ಒಮ್ಮೆ ಬಸ್ ಸ್ಟ್ಯಾಂಡ್ ಹತ್ತಿರ "ಬಾಗ್ಲು!" ಎಂದು ಅವರು ಹಿಂದಿನಿಂದ ಕಿರುಚದಿದ್ದರೆ ನಾನು ಕಾರಿನ ಬಾಗಿಲಿಗೆ ಬಡಿದು ನೇರ ಬಸ್ಸಿನ ಅಡಿಗೆ ಬೀಳುತ್ತಿದ್ದೆ. ಮೂರು ವರ್ಷ ಹೀಗೆ ನಾನು ಅವರ ಕಿವಿ, ಅವರು ನನ್ನ ಕಣ್ಣು.

ಹೋದ ಮಳೆಗಾಲದಲ್ಲಿ ಅವರು ಜ್ವರ ಬಂದು ತೀರಿಕೊಂಡರು. ಮಗಳನ್ನು ಮಾತಾಡಿಸಲು ಹೋದಾಗ ಆ ಲಾರಿಯ ವಿಷಯ ತಡೆಯಲಾರದೆ ಬಾಯಿಗೆ ಬಂತು. "ಅವತ್ತು ಅವರನ್ನ ಪರೀಕ್ಷೆ ಮಾಡೋಕೆ ಹೋಗಿ ಸಾಯಿಸ್ಬಿಡ್ತಿದ್ದೆ," ಎಂದು ಅತ್ತುಬಿಟ್ಟೆ.

"ಅಪ್ಪಂಗೆ ಗೊತ್ತಿತ್ತು ಕಣ್ರೀ," ಎಂದಳು ಮಗಳು. "ಮನೆಗೆ ಬಂದು ಹೇಳಿದ್ರು. ನಿಮಗಿಂತ ಮುಂಚೆ ಬೇರೆ ಇಬ್ಬರ ಸೈಕಲ್ ಹಿಂದೆ ಹೋಗಿ ನೋಡಿ, ಬೇಡ ಅಂತ ಬಿಟ್ಟಿದ್ರು. ಫೋನ್ ನೋಡ್ಕೊಂಡು ಓಡಿಸ್ತಾರೆ ಅಂತ. 'ಈ ಹುಡುಗಿ ನನ್ನನ್ನೂ ನಂಬಲ್ಲ, ಲಾರೀನೂ ನಂಬಲ್ಲ. ಇವಳ ಹಿಂದೆ ಧೈರ್ಯವಾಗಿ ಹೋಗ್ಬಹುದು' ಅಂದಿದ್ರು."